ಕಾರ್ವಿಂಗ್ ಸ್ನೋಬೋರ್ಡ್ ಸಮಪಾರ್ಶ್ವವಿರಬೇಕೋ ಅಸಮಪಾರ್ಶ್ವವಿರಬೇಕೋ: ಮನೆಯ ನೆಲದ ಮೇಲೆ ಅಳೆದು ತೀರ್ಮಾನಿಸುವ ಕ್ರಮ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿರುವಾಗ ನೆಲದ ಮೇಲೆ ಸೀಮೆಸುಣ್ಣದಿಂದ ಸ್ನೋಬೋರ್ಡಿನ, ಅಂದರೆ ಎರಡೂ ಪಾದ ಬಿಗಿದುಕೊಂಡು ಹಿಮದ ಮೇಲೆ ಜಾರುವ ಹಲಗೆಯ, ಆಕಾರ ಬರೆದು, ಅದರ ಮೇಲೆ ಬರಿಗಾಲಲ್ಲಿ ನಿಂತು ಪಾದದ ಕೋನ ಅಳೆಯುತ್ತಿದ್ದ ನನ್ನನ್ನು ಕಂಡು ಮನೆಯವರು ನಕ್ಕದ್ದುಂಟು. ಆದರೆ ಹಿಮ ಬೀಳದ ಊರಿನಲ್ಲಿ ಇರುವುದರಿಂದಲೇ ಈ ಅಳತೆ ನಮಗೆ ಹೆಚ್ಚು ಬೇಕು. ವರ್ಷಕ್ಕೆ ಒಂದೇ ಒಂದು ವಾರ ಕಾಶ್ಮೀರದ ಗುಲ್ಮಾರ್ಗಿಗೋ ಉತ್ತರಾಖಂಡದ ಔಲಿಗೋ ಹೋಗಿಬರುವವರು, ಹಲಗೆ ತಮ್ಮ ಕಾಲಿಗೆ ಒಗ್ಗುವುದಿಲ್ಲ ಎಂಬುದನ್ನು ಅಲ್ಲಿಗೆ ಹೋದ ಮೇಲೆ ತಿಳಿದುಕೊಂಡರೆ, ಸರಿಪಡಿಸಿಕೊಳ್ಳಲು ಮುಂದಿನ ಚಳಿಗಾಲದವರೆಗೆ ಕಾಯಬೇಕಾಗುತ್ತದೆ. ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಹಾಸಿರುವ ಶಹಾಬಾದ ಕಲ್ಲು ಚಪ್ಪಟೆಯಾಗಿದ್ದು, ಅದರ ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತದೆ ಮತ್ತು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮೇಜು ಬೇಡ.

ನಾನು ಹೇಳಬೇಕೆಂದಿರುವುದು ಇಷ್ಟು: ಹಲಗೆ ಸಮಪಾರ್ಶ್ವವಿರಬೇಕೋ ಅಸಮಪಾರ್ಶ್ವವಿರಬೇಕೋ ಎಂಬುದು ಮೊದಲ ಪ್ರಶ್ನೆಯಲ್ಲ. ಯಾವ ಬೂಟು, ಪಾದ ಎಷ್ಟು ಡಿಗ್ರಿ ಓರೆ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಎರಡನೆಯದು ತಾನಾಗಿ ಇತ್ಯರ್ಥವಾಗುತ್ತದೆ. ನಾನು ಇದನ್ನು ತಿರುಗುಮುರುಗಾಗಿ ಮಾಡಿ ಹಣ ಕಳೆದುಕೊಂಡೆ. ಆ ಕಥೆ ಮುಂದೆ ಬರುತ್ತದೆ.

ಬೇಕಾದ ಕೆಲವು ಮಾತುಗಳು

ಕಾರ್ವಿಂಗ್ ಎಂದರೆ ಹಲಗೆಯನ್ನು ಅಡ್ಡ ಜಾರಿಸದೆ, ಅದರ ಉಕ್ಕಿನ ಅಂಚನ್ನು ಹಿಮದಲ್ಲಿ ಊರಿ, ಆ ಅಂಚಿನ ವಕ್ರರೇಖೆಯೇ ತಿರುವನ್ನು ಬರೆಯುವಂತೆ ಬಿಡುವುದು. ಹಲಗೆಯ ಎರಡೂ ತುದಿ ಅಗಲವಾಗಿದ್ದು ನಡು ಕಿರಿದಾಗಿರುತ್ತದೆ. ಈ ಒಳಬಾಗಿಗೆ ಸೈಡ್‌ಕಟ್ ಎನ್ನುತ್ತಾರೆ, ನಾನು ಅದನ್ನು ಕೊರೆತ ಎಂದೂ ಕರೆಯುತ್ತೇನೆ; ಅತಿ ಕಿರಿದಾದ ಜಾಗಕ್ಕೆ ಸೊಂಟ ಎನ್ನೋಣ. ಕಾಲ್ಬೆರಳಿನ ಕಡೆಯ ಅಂಚನ್ನು ಬೆರಳಂಚು ಎಂದೂ ಹಿಮ್ಮಡಿಯ ಕಡೆಯದನ್ನು ಹಿಮ್ಮಡಿಯಂಚು ಎಂದೂ ಕರೆಯುತ್ತೇನೆ. ಎಡಗಾಲು ಮುಂದಿಟ್ಟು ನಿಲ್ಲುವವರನ್ನು ರೆಗ್ಯುಲರ್ ಎಂದೂ ಬಲಗಾಲು ಮುಂದಿಡುವವರನ್ನು ಗೂಫಿ ಎಂದೂ ಎಲ್ಲೆಡೆ ಕರೆಯುತ್ತಾರೆ. ಹಲಗೆಯ ಮುಂತುದಿಗೆ ಮೂತಿ, ಹಿಂತುದಿಗೆ ಬಾಲ ಎನ್ನೋಣ. ಪಾದದ ಕೋನವನ್ನು ಹಲಗೆಗೆ ಅಡ್ಡವಾದ ಗೆರೆಯಿಂದ ಅಳೆಯುತ್ತಾರೆ: ಪಾದ ಪೂರ್ತಿ ಅಡ್ಡವಾಗಿದ್ದರೆ 0 ಡಿಗ್ರಿ, ಪೂರ್ತಿ ಮೂತಿಯ ಕಡೆಗೆ ನೆಟ್ಟಗಿದ್ದರೆ 90.

ಸಮಪಾರ್ಶ್ವದ ಹಲಗೆಯನ್ನು ಉದ್ದಕ್ಕೆ ನಡುವೆ ಮಡಿಸಿದಂತೆ ಊಹಿಸಿದರೆ ಎಡ ಅಂಚು ಬಲ ಅಂಚಿನ ಮೇಲೆ ಸರಿಯಾಗಿ ಕೂರುತ್ತದೆ. ಅಸಮಪಾರ್ಶ್ವದಲ್ಲಿ ಕೂರುವುದಿಲ್ಲ. ಆದರೆ ಈ ‘ಕೂರದಿರುವಿಕೆ’ಯಲ್ಲಿ ಎರಡು ಜಾತಿಗಳಿವೆ, ಮತ್ತು ಅಂಗಡಿಯ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು ಇರುತ್ತದೆ. ಮೊದಲನೆಯದರಲ್ಲಿ ಎರಡೂ ಅಂಚಿನ ಕೊರೆತ ಒಂದೇ ಅಳತೆಯದು, ಆದರೆ ಬೆರಳಂಚಿನದು ಮೂತಿಯ ಕಡೆಗೂ ಹಿಮ್ಮಡಿಯಂಚಿನದು ಬಾಲದ ಕಡೆಗೂ ಸರಿದಿರುತ್ತದೆ. ಇದನ್ನು ಸರಿದ ಹಲಗೆ ಎನ್ನುತ್ತೇನೆ. ಎರಡನೆಯದರಲ್ಲಿ ಕೊರೆತ ಹಿಂದೆಮುಂದೆ ಸರಿದಿರುವುದಿಲ್ಲ, ಆದರೆ ಹಿಮ್ಮಡಿಯಂಚು ಹೆಚ್ಚು ಆಳವಾಗಿ ಬಾಗಿರುತ್ತದೆ. ಇದನ್ನು ಆಳ-ಹಿಮ್ಮಡಿಯ ಹಲಗೆ ಎನ್ನೋಣ. ಈ ಎರಡನ್ನೂ ಒಂದೇ ಎಂದು ತಿಳಿದವರು ತಪ್ಪು ಹಲಗೆ ಕೊಳ್ಳುವುದು ಖಚಿತ.

ಮೊದಲ ಹೆಜ್ಜೆ: ಯಾವ ಕಾಲು ಮುಂದೆ

ನುಣುಪಾದ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಓಡಿಬಂದು ಜಾರಿದರೆ ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಅದು ಬಹುಮಟ್ಟಿಗೆ ನಿಮ್ಮ ಮುಂಗಾಲು. ಬರೆಯುವ ಕೈಗೂ ಇದಕ್ಕೂ ಸಂಬಂಧ ಹುಡುಕಬೇಡಿ. ಸಮಪಾರ್ಶ್ವದ ಹಲಗೆಗೆ ಇದು ಬಂಧನಿಯನ್ನು (ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನ) ಬಿಗಿಯುವಾಗಿನ ವಿಷಯ ಮಾತ್ರ, ಸರಿದ ಹಲಗೆಗೆ ಮಾತ್ರ ಇದು ಕೊಳ್ಳುವುದಕ್ಕಿಂತ ಮೊದಲೇ ಗೊತ್ತಿರಬೇಕಾದ ವಿಷಯ.

ಎರಡನೆಯ ಹೆಜ್ಜೆ: ಬೂಟು

ಮೆತ್ತನೆಯ ಬೂಟಿನಲ್ಲಿ ಕಣಕಾಲು ಎಲ್ಲ ಕಡೆಗೂ ಬಾಗುತ್ತದೆ. ಪಟ್ಟಿಯ ಬಂಧನಿಯಲ್ಲಿ ಪಾದ ಸಾಮಾನ್ಯವಾಗಿ 0ದಿಂದ 30 ಡಿಗ್ರಿಯೊಳಗೆ ಇರುತ್ತದೆ. ಜಪಾನಿನಲ್ಲಿ ಮೆತ್ತನೆಯ ಬೂಟಿನಲ್ಲಿಯೇ ಅಗಲವಾದ ಹಲಗೆಯ ಮೇಲೆ ನೆಲಕ್ಕೆ ಮೈ ತಾಗುವಷ್ಟು ಬಾಗಿ ಕಾರ್ವ್ ಮಾಡುವ ದೊಡ್ಡ ಬಳಗವೇ ಇದೆ. ಗಟ್ಟಿ ಬೂಟು ಪ್ಲಾಸ್ಟಿಕ್ ಕವಚದ್ದು, ಸ್ಕೀ ಬೂಟಿನ ಹತ್ತಿರದ ಸಂಬಂಧಿ. ಅದನ್ನು ಲೋಹದ ತಟ್ಟೆಯಂಥ ಬಂಧನಿಗೆ ಸಿಕ್ಕಿಸುತ್ತಾರೆ. ಅದರಲ್ಲಿ 45ರಿಂದ 65 ಡಿಗ್ರಿಯವರೆಗಿನ ಕೋನಗಳು ಮಾಮೂಲು. ಒಲಿಂಪಿಕ್ಸಿನಲ್ಲಿ ನೀವು ನೋಡುವ, ನೆಟ್ಟ ಬಾವುಟಗಳನ್ನು ಬಳಸಿ ತಿರುಗುತ್ತ ಇಳಿಯುವ ಸಮಾನಾಂತರ ಜಯಂಟ್ ಸ್ಲಾಲಂ ಸ್ಪರ್ಧೆ ಗಟ್ಟಿ ಬೂಟಿನದು. 1998ರ ನಾಗಾನೊದಲ್ಲಿ ಸ್ನೋಬೋರ್ಡ್ ಜಯಂಟ್ ಸ್ಲಾಲಂ ಒಬ್ಬೊಬ್ಬರಾಗಿ ಇಳಿಯುವ ಸ್ಪರ್ಧೆಯಾಗಿ ಬಂತು, 2002ರಿಂದ ಇಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ಸ್ಪರ್ಧೆಯಾಯಿತು. 2018ರಲ್ಲಿ ಝೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಇದರಲ್ಲಿಯೂ ಸ್ಕೀಯ ಸೂಪರ್-ಜಿಯಲ್ಲಿಯೂ ಒಂದೇ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಇಂದು ಈ ಸ್ಪರ್ಧೆಯ ಹಲಗೆಗಳು ಉದ್ದ, ಕಿರಿದು, ಮತ್ತು ಸಮಪಾರ್ಶ್ವದವು. ಅದಕ್ಕೆ ಕಾರಣವಿದೆ, ಅದನ್ನು ಮೂರನೆಯ ಹೆಜ್ಜೆಯಲ್ಲಿ ನಿಮ್ಮ ಕಾಲೇ ಹೇಳುತ್ತದೆ.

ಮೂರನೆಯ ಹೆಜ್ಜೆ: ನೆಲದ ಮೇಲೆ ಬರೆದು ನಿಲ್ಲುವುದು

ನಿಮಗೆ ಬೇಕಾಗಿರುವುದು ಸೀಮೆಸುಣ್ಣ, ಅಳತೆ ಪಟ್ಟಿ, ಗಾರೆಯವರ ಹುರಿ, ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಮತ್ತು ಬಡಗಿಯ ಮೂಲೆಮಟ್ಟ. ಕೊಳ್ಳಬೇಕೆಂದಿರುವ ಹಲಗೆಯ ಸೊಂಟದಗಲ ಎಷ್ಟೋ ಅಷ್ಟು ಅಂತರದಲ್ಲಿ ಎರಡು ಸಮಾನಾಂತರ ಗೆರೆಗಳನ್ನು ಎಳೆಯಿರಿ. ಮೆತ್ತನೆಯ ಬೂಟಿನ ಹಲಗೆಗೆ ಇದು ಸುಮಾರು 25 ಸೆಂಟಿಮೀಟರ್ ಇರಬಹುದು, ಗಟ್ಟಿ ಬೂಟಿನ ಹಲಗೆಗೆ 18ರಿಂದ 21. ಗೆರೆಗಳ ನಡುವೆ ಸುಮಾರು 50 ಸೆಂಟಿಮೀಟರ್ ದೂರದಲ್ಲಿ ಎರಡು ಚುಕ್ಕಿ ಇಟ್ಟು, ಪ್ರತಿ ಪಾದದ ನಡುಭಾಗ ಒಂದೊಂದು ಚುಕ್ಕಿಯ ಮೇಲೆ ಬರುವಂತೆ ನಿಲ್ಲಿರಿ. ಬೂಟು ಇದ್ದರೆ ಬೂಟು ಹಾಕಿಕೊಂಡೇ ನಿಲ್ಲಿರಿ. ಈಗ ಬೆರಳ ತುದಿಯೂ ಹಿಮ್ಮಡಿಯೂ ಗೆರೆಯೊಳಗೆ ಬರುವವರೆಗೆ ಪಾದವನ್ನು ಮೂತಿಯ ಕಡೆಗೆ ತಿರುಗಿಸುತ್ತ ಹೋಗಿ. ಎಲ್ಲಿ ಎರಡೂ ಸರಿಯಾಗಿ ಗೆರೆಗೆ ತಾಗುತ್ತವೋ ಅದು ಆ ಅಗಲದ ಹಲಗೆಗೆ ನಿಮ್ಮ ಕಾಲು ಕೇಳುವ ಕೋನ. ಅದಕ್ಕಿಂತ ಕಡಿಮೆ ಓರೆ ಇಟ್ಟರೆ ಹಲಗೆ ಪೂರ್ತಿ ಬಾಗಿದಾಗ ಬೂಟು ಹಿಮಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತದೆ. ಕಾರ್ವಿಂಗಿನಲ್ಲಿ ಇದ್ದಕ್ಕಿದ್ದಂತೆ ಬೀಳುವುದಕ್ಕೆ ಇದೇ ದೊಡ್ಡ ಕಾರಣ.

ಈಗ ಮುಖ್ಯವಾದ ಅಳತೆ. ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಹೊರಗೆ ಬನ್ನಿ. ಹೆಬ್ಬೆರಳ ಬುಡದ ದಪ್ಪ ಭಾಗಕ್ಕೆ ಒಂದು ಗುರುತು, ಹಿಮ್ಮಡಿಯ ನಡುವೆ ಇನ್ನೊಂದು ಗುರುತು ಹಾಕಿ. ಬೆರಳ ಕಡೆ ಒತ್ತುವಾಗ ಭಾರ ಮೊದಲನೆಯದರ ಮೇಲೆ ಬೀಳುತ್ತದೆ, ಹಿಮ್ಮಡಿಯ ಕಡೆ ಒತ್ತುವಾಗ ಎರಡನೆಯದರ ಮೇಲೆ. ನನ್ನ ಪಾದದಲ್ಲಿ ಇವೆರಡರ ಅಂತರ 16 ಸೆಂಟಿಮೀಟರ್. ಮೂಲೆಮಟ್ಟ ಹಿಡಿದು ಎರಡೂ ಗುರುತುಗಳಿಂದ ಹಲಗೆಯ ಗೆರೆಗೆ ಲಂಬ ಇಳಿಸಿ, ಆ ಲಂಬಗಳು ಉದ್ದಕ್ಕೆ ಎಷ್ಟು ದೂರ ಬಿದ್ದಿವೆ ಎಂದು ಅಳೆಯಿರಿ. 15 ಡಿಗ್ರಿಯಲ್ಲಿ ನನಗೆ ಬಂದದ್ದು 4 ಸೆಂಟಿಮೀಟರ್, 45ರಲ್ಲಿ 11, 60ರಲ್ಲಿ ಸುಮಾರು 14. ಲೆಕ್ಕ ಬಲ್ಲವರಿಗೆ ಇದು 16ನ್ನು ಕೋನದ ಸೈನ್‌ನಿಂದ ಗುಣಿಸಿದಷ್ಟೇ ಎಂಬುದು ಕೂಡಲೇ ಕಾಣುತ್ತದೆ.

ಅಂದರೆ 45 ಡಿಗ್ರಿಯಲ್ಲಿ ನಿಂತವನು ಬೆರಳಂಚಿನ ಮೇಲೆ ಒರಗಿದಾಗ ಅವನ ಭಾರ ಹಿಮ್ಮಡಿಯಂಚಿನ ಮೇಲೆ ಒರಗಿದಾಗಿನದಕ್ಕಿಂತ 11 ಸೆಂಟಿಮೀಟರ್ ಮೂತಿಯ ಕಡೆಗೆ ಬೀಳುತ್ತದೆ. ಸಮಪಾರ್ಶ್ವದ ಹಲಗೆಯಲ್ಲಿ ಎರಡೂ ಅಂಚಿನ ಕೊರೆತದ ನಡು ಒಂದೇ ಅಡ್ಡಗೆರೆಯ ಮೇಲಿರುವುದರಿಂದ, ಒಂದು ತಿರುವಿನಲ್ಲಿ ಮೂತಿ ಹೆಚ್ಚು ಕಚ್ಚಿ ಬಾಲ ಸಡಿಲವಾಗುತ್ತದೆ, ಇನ್ನೊಂದರಲ್ಲಿ ಬಾಲಕ್ಕೆ ಭಾರವಾಗಿ ಮೂತಿ ತಿರುವನ್ನು ಹಿಡಿಯಲು ತಡಮಾಡುತ್ತದೆ. ಪ್ರತಿ ಅಂಚಿನ ಕೊರೆತವನ್ನು ಆ ಅಂಚಿನ ಭಾರ ಬೀಳುವ ಜಾಗದ ಕಡೆಗೆ ಸರಿಸೋಣ ಎಂಬುದೇ ಸರಿದ ಹಲಗೆಯ ತರ್ಕ. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ಭಾಗದವರೆಗೆ ಇಂಥ ಹಲಗೆಗಳು ಜೋರಾಗಿ ಬಂದವು; ಬರ್ಟನ್ ಕಂಪನಿಯ ಅಸಿಮ್ ಏರ್ ಅವುಗಳಲ್ಲಿ ಹೆಸರಾದದ್ದು.

ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. 60 ಡಿಗ್ರಿಯಲ್ಲಿ ಅಂತರ ಇನ್ನೂ ಹೆಚ್ಚು, 14 ಸೆಂಟಿಮೀಟರ್. ಹಾಗಿದ್ದರೆ ಅತಿ ಓರೆಯಾಗಿ ನಿಲ್ಲುವ ಸ್ಪರ್ಧಾಳುಗಳಿಗೆ ಸರಿದ ಹಲಗೆ ಇನ್ನೂ ಹೆಚ್ಚು ಬೇಕಲ್ಲವೆ, ಅವರೇಕೆ ಸಮಪಾರ್ಶ್ವದ್ದನ್ನು ಬಳಸುತ್ತಾರೆ? ನಾನೂ ಕಾಗದದ ಮೇಲಿನ ಈ ಲೆಕ್ಕವನ್ನು ನಂಬಿ ಎಡವಿದೆ. ಉತ್ತರ ನೆಲದ ಮೇಲೆಯೇ ಸಿಗುತ್ತದೆ. ಮೊದಲು 15 ಡಿಗ್ರಿಯಲ್ಲಿ ನಿಂತು, ಮೊಣಕಾಲು ಸ್ವಲ್ಪ ಬಾಗಿಸಿ, ಹಲಗೆಯನ್ನು ಬಲಕ್ಕೂ ಎಡಕ್ಕೂ ಬಾಗಿಸುವಂತೆ ಒತ್ತಿ ನೋಡಿ: ತುದಿಗಾಲಲ್ಲಿ ಏಳುತ್ತೀರಿ, ಇಲ್ಲವೆ ಹಿಮ್ಮಡಿಯ ಮೇಲೆ ಕೂರುತ್ತೀರಿ. ಈಗ 60ರಲ್ಲಿ ನಿಂತು ಅದನ್ನೇ ಮಾಡಿ. ಮುಖವೂ ಸೊಂಟವೂ ಹೆಚ್ಚು ಕಡಿಮೆ ಮೂತಿಯ ಕಡೆಗೆ ತಿರುಗಿರುವುದರಿಂದ ನೀವು ಬೆರಳನ್ನಾಗಲಿ ಹಿಮ್ಮಡಿಯನ್ನಾಗಲಿ ಒತ್ತುವುದಿಲ್ಲ. ಎರಡೂ ಮೊಣಕಾಲುಗಳನ್ನು ಒಂದು ಬದಿಗೆ ವಾಲಿಸುತ್ತೀರಿ. ಭಾರ ಪಾದದ ಬಲಬದಿಯಿಂದ ಎಡಬದಿಗೆ ಹೋಗುತ್ತದೆಯೇ ಹೊರತು ಬೆರಳಿನಿಂದ ಹಿಮ್ಮಡಿಗೆ ಅಲ್ಲ. ಗಟ್ಟಿ ಬೂಟಿನ ಕವಚ ಈ ವಾಲುವಿಕೆಯನ್ನು ನೇರವಾಗಿ ಅಂಚಿಗೆ ಮುಟ್ಟಿಸುತ್ತದೆ. ಹೀಗಾಗಿ ಎರಡೂ ತಿರುವಿನಲ್ಲಿ ಒತ್ತಡದ ನಡು ಬಹುಮಟ್ಟಿಗೆ ಒಂದೇ ಕಡೆ ಉಳಿಯುತ್ತದೆ ಮತ್ತು ಸರಿದ ಕೊರೆತಕ್ಕೆ ಕೆಲಸವಿಲ್ಲದಂತಾಗುತ್ತದೆ. 1990ರ ದಶಕದಲ್ಲಿ ಹಲಗೆಗಳು ಕಿರಿದಾಗುತ್ತ, ಕೋನಗಳು ಹೆಚ್ಚುತ್ತ ಹೋದಂತೆ ಸರಿದ ಹಲಗೆ ಹಿಂದೆ ಸರಿದದ್ದು ಈ ಕಾರಣಕ್ಕೆ. ತಯಾರಕರಿಗೆ ಪ್ರತಿ ಅಳತೆಯಲ್ಲಿಯೂ ರೆಗ್ಯುಲರ್ ಒಂದು, ಗೂಫಿ ಒಂದು ಎಂದು ಎರಡೆರಡು ಅಚ್ಚು ಮಾಡುವ ಖರ್ಚು ತಪ್ಪಿತು ಎಂಬುದೂ ಅಷ್ಟೇ ನಿಜ.

ನಾಲ್ಕನೆಯ ಹೆಜ್ಜೆ: ನಿಮ್ಮ ಕೋನ ಯಾವ ವಲಯದಲ್ಲಿ ಬಿತ್ತು

ಮುಂಗಾಲಿನ ಕೋನ 55 ಅಥವಾ ಅದಕ್ಕಿಂತ ಹೆಚ್ಚು ಬಂದು, ಗಟ್ಟಿ ಬೂಟು ಇದ್ದರೆ, ಸಮಪಾರ್ಶ್ವದ ಹಲಗೆ ಕೊಳ್ಳಿ. ಮುಂದೆ ಯೋಚಿಸುವುದೇನೂ ಇಲ್ಲ. 35ರಿಂದ 50ರ ನಡುವೆ ಬಂದರೆ ಸರಿದ ಹಲಗೆಯ ಲಾಭ ನಿಜವಾಗಿ ಇರುವುದು ಅಲ್ಲಿಯೇ, ಏಕೆಂದರೆ ಅಲ್ಲಿ ಅಂತರವೂ ದೊಡ್ಡದು, ಬೆರಳು-ಹಿಮ್ಮಡಿಯ ಒತ್ತೂ ಇನ್ನೂ ಉಳಿದಿರುತ್ತದೆ. ಆದರೂ ಇಂದು ಅಂಥ ಹಲಗೆ ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಸಮಪಾರ್ಶ್ವದ ಹಲಗೆಯನ್ನೇ ಕೊಂಡು ಬಂಧನಿಯಲ್ಲಿ ಹೊಂದಿಸಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಮುಂಗಾಲಿನ ಬೆರಳ ಕೆಳಗೆ ಮತ್ತು ಹಿಂಗಾಲಿನ ಹಿಮ್ಮಡಿಯ ಕೆಳಗೆ ಬೆಣೆಯಾಕಾರದ ತಟ್ಟೆ ಇಟ್ಟರೆ ಎರಡೂ ಮೊಣಕಾಲು ಒಳಮುಖವಾಗಿ ಬಂದು ಭಾರ ಹಲಗೆಯ ನಡುವಿಗೆ ಹತ್ತಿರವಾಗುತ್ತದೆ, ಮತ್ತು ಅರ್ಧದಷ್ಟು ದೂರು ಅಲ್ಲಿಗೇ ತೀರುತ್ತದೆ.

ಕೋನ 0ದಿಂದ 30ರೊಳಗೆ ಇದ್ದರೆ ಸರಿದ ಹಲಗೆಯ ಮಾತೇ ಬೇಡ, ಹೆಚ್ಚೆಂದರೆ 8 ಸೆಂಟಿಮೀಟರಿನ ಅಂತರಕ್ಕೆ ಅದು ಅತಿಯಾಯಿತು. ಅಲ್ಲಿ ಪರಿಗಣಿಸಬೇಕಾದದ್ದು ಆಳ-ಹಿಮ್ಮಡಿಯ ಹಲಗೆ. ಅದರ ತರ್ಕ ಬೇರೆ. ಕಣಕಾಲು ಪಾದದ ನಡುವೆ ಇಲ್ಲ, ಹಿಮ್ಮಡಿಗೆ ಹತ್ತಿರವಿದೆ. ಆದ್ದರಿಂದ ಬೆರಳ ಕಡೆಗೆ ಉದ್ದ ಸನ್ನೆಗೋಲು ಸಿಗುತ್ತದೆ, ಹಿಮ್ಮಡಿಯ ಕಡೆಗೆ ಗಿಡ್ಡದು. ಮೇಲಾಗಿ ಬೆರಳ ಕಡೆ ಒರಗುವಾಗ ಕಣಕಾಲು, ಮೊಣಕಾಲು ಎರಡೂ ಸಹಕರಿಸುತ್ತವೆ. ಹಿಮ್ಮಡಿಯ ಕಡೆ ಒರಗುವಾಗ ಕುರ್ಚಿಯಿಲ್ಲದೆ ಕೂತಂತೆ ಸೊಂಟ ಮಡಚಬೇಕು. ಸಾಮಾನ್ಯ ಸವಾರ ಹಿಮ್ಮಡಿಯ ತಿರುವಿನಲ್ಲಿ ಹಲಗೆಯನ್ನು ಅಷ್ಟು ಬಾಗಿಸಲಾರ.

ಇದನ್ನು ಲೆಕ್ಕದಲ್ಲಿ ನೋಡೋಣ. ಗಟ್ಟಿ ಹಿಮದ ಮೇಲೆ ಹಲಗೆ ಬರೆಯುವ ತಿರುವಿನ ತ್ರಿಜ್ಯ ಸರಿಸುಮಾರು ಸೈಡ್‌ಕಟ್ಟಿನ ತ್ರಿಜ್ಯವನ್ನು (ಅಂಚಿನ ಬಾಗು ಯಾವ ವೃತ್ತದ ತುಂಡೋ ಆ ವೃತ್ತದ್ದು) ಹಲಗೆ ಅಂಚಿನ ಮೇಲೆ ಬಾಗಿದ ಕೋನದ ಕೊಸೈನ್‌ನಿಂದ ಗುಣಿಸಿದಷ್ಟು. ಸೈಡ್‌ಕಟ್ 10 ಮೀಟರಿನದಾಗಿದ್ದು ಬೆರಳ ಕಡೆ 50 ಡಿಗ್ರಿ ಬಾಗಿಸಿದರೆ ತಿರುವು 6.4 ಮೀಟರಿನದು. ಅದೇ ಸವಾರ ಹಿಮ್ಮಡಿಯ ಕಡೆ 40 ಡಿಗ್ರಿ ಮಾತ್ರ ಬಾಗಿಸಬಲ್ಲನಾದರೆ ತಿರುವು 7.7 ಮೀಟರಾಗುತ್ತದೆ, ಅಂದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಿಮ್ಮಡಿಯಂಚಿನ ಸೈಡ್‌ಕಟ್ಟನ್ನು 8.4 ಮೀಟರಿಗೆ ಇಳಿಸಿದರೆ ಎರಡೂ ಸಮವಾಗುತ್ತವೆ. ಹಿಮಕ್ಕೆ ತಾಗುವ ಅಂಚು 130 ಸೆಂಟಿಮೀಟರ್ ಇರುವ ಹಲಗೆಯಲ್ಲಿ 10 ಮೀಟರಿನ ಕೊರೆತದ ಆಳ 2.1 ಸೆಂಟಿಮೀಟರ್, 8.4ರದ್ದು 2.5. ವ್ಯತ್ಯಾಸ 4 ಮಿಲಿಮೀಟರ್, ಎರಡು ಕಡಕ್ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು. ಕಣ್ಣಿಗೆ ಕಾಣದ ಈ ವ್ಯತ್ಯಾಸ ಕಾಲಿಗೆ ಮೊದಲ ತಿರುವಿನಲ್ಲಿಯೇ ತಿಳಿಯುತ್ತದೆ.

ಹಾಗೆಂದು ಎಲ್ಲರೂ ಇದನ್ನೇ ಕೊಳ್ಳಬೇಕೆಂದಿಲ್ಲ. ಹಿಮ್ಮಡಿಯ ತಿರುವನ್ನು ಇನ್ನೂ ಕಲಿಯುತ್ತಿರುವವರಿಗೆ ಹಲಗೆ ದೋಷವನ್ನು ಮುಚ್ಚಿಡುವುದಕ್ಕಿಂತ ತೋರಿಸುವುದೇ ಒಳ್ಳೆಯದು. ಎರಡು ಮೂರು ಚಳಿಗಾಲ ಸಮಪಾರ್ಶ್ವದ ಹಲಗೆಯಲ್ಲಿ ದುಡಿದ ಮೇಲೂ ಹಿಮ್ಮಡಿಯ ಕಡೆ ಮೈ ಬಾಗದಿದ್ದರೆ ಆಗ ಈ ಹಲಗೆಗೆ ಹಣ ಹಾಕಿ.

ಐದನೆಯ ಹೆಜ್ಜೆ: ಹಲಗೆಯನ್ನೇ ಅಳೆಯುವುದು

ಚೀಟಿಯನ್ನು ನಂಬದೆ ಅಳೆಯುವುದನ್ನು ಕಲಿಯಿರಿ, ಹಳೆಯ ಹಲಗೆ ಕೊಳ್ಳುವವರಂತೂ ಕಲಿಯಲೇಬೇಕು. ಹಲಗೆಯನ್ನು ಚಪ್ಪಟೆ ಕಲ್ಲಿನ ಮೇಲೆ ಇಡಿ. ನಡುಭಾಗ ಕಮಾನಿನಂತೆ ಕೊಂಚ ಎದ್ದಿದ್ದು ಮೂತಿ-ಬಾಲಗಳ ಹತ್ತಿರ ಮಾತ್ರ ನೆಲಕ್ಕೆ ತಾಗುತ್ತದೆ; ಈ ಕಮಾನು ಪೂರ್ತಿ ಚಪ್ಪಟೆಯಾಗಿದ್ದರೆ ಹಳೆಯ ಕಾರ್ವಿಂಗ್ ಹಲಗೆಯ ಜೀವ ಮುಗಿದಿದೆ ಎಂದೇ ತಿಳಿಯಿರಿ. ಒಂದು ತೆಳು ಕಾಗದವನ್ನು ಮೂತಿಯ ಕಡೆಯಿಂದ ಹಲಗೆಯ ಕೆಳಗೆ ನಿಧಾನವಾಗಿ ತಳ್ಳಿ. ಅದು ತಡೆದು ನಿಲ್ಲುವ ಜಾಗದಲ್ಲಿ ಅಂಚಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ, ಮೂತಿಯ ಕಡೆಯೂ ಬಾಲದ ಕಡೆಯೂ ಹೀಗೆ ಮಾಡಿದರೆ ನಾಲ್ಕು ಗುರುತು ಸಿಗುತ್ತವೆ. ಒಂದೇ ಅಂಚಿನ ಎರಡು ಗುರುತುಗಳ ನಡುವಿನ ಉದ್ದವೇ ಹಿಮವನ್ನು ಕಚ್ಚುವ ಅಂಚು.

ಈಗ ಮೂಲೆಮಟ್ಟವನ್ನು ಹಲಗೆಯ ನಡುಗೆರೆಗೆ ಹಿಡಿದು ಎಡ-ಬಲದ ಗುರುತುಗಳು ಒಂದೇ ಅಡ್ಡಗೆರೆಯಲ್ಲಿ ಇವೆಯೇ ನೋಡಿ. ಎರಡೂ ತುದಿಯಲ್ಲಿ ಒಂದು ಅಂಚು ಮುಂದಿದ್ದರೆ ಅದು ಸರಿದ ಹಲಗೆ. ಬಳಿಕ ಒಂದು ಅಂಚಿನ ಎರಡು ಗುರುತುಗಳ ನಡುವೆ ಹುರಿಯನ್ನು ಬಿಗಿಯಾಗಿ ಎಳೆದು, ಸೊಂಟದಲ್ಲಿ ಹುರಿಗೂ ಅಂಚಿಗೂ ಇರುವ ಸಂದನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಅಂಚಿನ ಉದ್ದದ ವರ್ಗವನ್ನು ಈ ಸಂದಿನ ಎಂಟು ಪಟ್ಟಿನಿಂದ ಭಾಗಿಸಿದರೆ ಸೈಡ್‌ಕಟ್ಟಿನ ತ್ರಿಜ್ಯ ಬರುತ್ತದೆ: 1.4 ಮೀಟರ್ ಅಂಚು, 24.5 ಮಿಲಿಮೀಟರ್ ಸಂದು ಇದ್ದರೆ 10 ಮೀಟರ್. ಎರಡು ಅಂಚಿಗೂ ಬೇರೆ ಬೇರೆ ಉತ್ತರ ಬಂದರೆ ಆಳ-ಹಿಮ್ಮಡಿಯ ಹಲಗೆ. ಹೊಸ ಸ್ಪರ್ಧಾ ಹಲಗೆಗಳಲ್ಲಿ ಒಂದೇ ಅಂಚಿನ ಉದ್ದಕ್ಕೂ ತ್ರಿಜ್ಯ ಬದಲಾಗುತ್ತ ಹೋಗುವುದರಿಂದ ಈ ಲೆಕ್ಕ ಅಲ್ಲಿ ಸರಾಸರಿಯನ್ನಷ್ಟೇ ಕೊಡುತ್ತದೆ.

ನನ್ನ ಕಥೆ ಬರುವುದು ಇಲ್ಲಿಯೇ. ನಾನು ಗೂಫಿ. 45 ಡಿಗ್ರಿಯ ಗಟ್ಟಿ ಬೂಟಿಗೆಂದು ಹಳೆಯದೊಂದು ಸರಿದ ಹಲಗೆಯನ್ನು ಫೋಟೊ ನೋಡಿ ಕೊಂಡೆ. ಮಾರಿದವರು ‘ಎರಡೂ ಕಾಲಿಗೆ ಆಗುತ್ತದೆ, ತಿರುಗಿಸಿ ಹಾಕಿಕೊಳ್ಳಿ’ ಎಂದರು. ಮನೆಗೆ ಬಂದ ಮೇಲೆ ನಮ್ಮ ಓಣಿಯ ಬಡಿಗೇರ ಕಾಕಾ ಅದರ ಮೇಲೆ ಕೈಯಾಡಿಸಿ, “ಈ ಕಡಿ ಕೊರತ ಮುಂದ ಅದ, ಆ ಕಡಿದು ಹಿಂದ ಅದ. ಮಾಡಿದಾಂವ ಅಳತಿ ತಪ್ಪ್ಯಾನೇನೋ ತಮ್ಮಾ?” ಎಂದರು. ಅಳತೆ ತಪ್ಪಿರಲಿಲ್ಲ, ಕಾಲು ತಪ್ಪಿತ್ತು. ಮೂತಿಯನ್ನು ನಮ್ಮಿಂದ ಆಚೆಗೆ ಇಟ್ಟು ಮೇಲಿನಿಂದ ನೋಡಿದಾಗ ಬಲ ಅಂಚಿನ ಕೊರೆತ ಮುಂದಿದ್ದರೆ ಅದು ರೆಗ್ಯುಲರ್ ಸವಾರನದು, ಎಡ ಅಂಚಿನದು ಮುಂದಿದ್ದರೆ ಗೂಫಿಯದು. ನನ್ನದರಲ್ಲಿ ಬಲ ಅಂಚು ಮುಂದಿತ್ತು. ತಿರುಗಿಸಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ಬಾಲವನ್ನು ಮೂತಿ ಮಾಡಿ ಇಟ್ಟು ನೋಡಿದೆ. ಬಲ ಅಂಚು ಎಡಕ್ಕೆ ಬಂತು, ಜೊತೆಗೆ ‘ಮುಂದೆ’ ಎಂಬುದು ‘ಹಿಂದೆ’ ಆಯಿತು. ಹೀಗಾಗಿ ಈಗಲೂ ಬಲ ಅಂಚೇ ಮುಂದೆ. ಕಾಕಾ ತಮ್ಮ ಡಬ್ಬಿಯಿಂದ ಒಂದು ತಿರುಪು ಮೊಳೆ ತೆಗೆದು, ಅದನ್ನು ತಲೆಕೆಳಗು ಹಿಡಿದು ತೋರಿಸಿದರು: “ಹಿಂಗ್ ಹಿಡದ್ರೂ ಬಲತಿರುವೇ, ಹಂಗ್ ಹಿಡದ್ರೂ ಬಲತಿರುವೇ.” ಸರಿದ ಹಲಗೆಯ ಗುಣವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ.

ಆಳ-ಹಿಮ್ಮಡಿಯ ಹಲಗೆಯಲ್ಲಿ, ಮೂತಿಯೂ ಬಾಲವೂ ಒಂದೇ ಆಕಾರದ್ದಾಗಿದ್ದರೆ, ಈ ತೊಂದರೆಯಿಲ್ಲ. ಅದನ್ನು ತಿರುಗಿಸಿ ಇಟ್ಟರೆ ಆಳವಾದ ಅಂಚು ಬಲದಿಂದ ಎಡಕ್ಕೆ ಹೋಗುತ್ತದೆ, ಮತ್ತು ರೆಗ್ಯುಲರ್‌ಗೂ ಗೂಫಿಗೂ ಒಂದೇ ಹಲಗೆ ಸಾಕಾಗುತ್ತದೆ. ಹಳೆಯದನ್ನು ಕೊಳ್ಳುವವರು ಬಂಧನಿಯ ತಿರುಪಿನ ತೂತುಗಳನ್ನೂ ನೋಡಬೇಕು: ಇಂದಿನ ಬಹುತೇಕ ಬಂಧನಿಗಳು 4 ಸೆಂಟಿಮೀಟರ್ ಚೌಕದ ತೂತುಗಳಿಗೆ ಹೊಂದುವಂಥವು, ಬಹಳ ಹಳೆಯ ಹಲಗೆಗಳಲ್ಲಿ ಅವು ಇರದೆ ಹೋಗಬಹುದು.

ಆರನೆಯ ಹೆಜ್ಜೆ: ತ್ರಿಜ್ಯ ಮತ್ತು ವೇಗ

ಆಕಾರ ತೀರ್ಮಾನವಾದ ಮೇಲೆ ತ್ರಿಜ್ಯವನ್ನು ನೀವು ಹೋಗುವ ಇಳಿಜಾರಿಗೆ ತಕ್ಕಂತೆ ಆರಿಸಬೇಕು. 10 ಮೀಟರಿನ ಸೈಡ್‌ಕಟ್ಟನ್ನು 45 ಡಿಗ್ರಿ ಬಾಗಿಸಿ ಸಮತೋಲದಲ್ಲಿ ಇರಲು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗ ಬೇಕು. 20 ಮೀಟರಿನದಕ್ಕೆ 42. ಸ್ಪರ್ಧೆಯ ಉದ್ದ ಹಲಗೆಯನ್ನು ಆಸೆಗೆ ಕೊಂಡವರು ಆ ವೇಗಕ್ಕೆ ಜಾಗ ಸಿಗದೆ ಬರೀ ನೇರ ಇಳಿಯುತ್ತ ಉಳಿಯುತ್ತಾರೆ. ಗುಲ್ಮಾರ್ಗದ ಖ್ಯಾತಿ ಗೊಂಡೋಲಾ ಕೇಬಲ್ ಕಾರಿನಲ್ಲಿ ಅಫರ್ವತ್ ಬೆಟ್ಟ ಹತ್ತಿ ಮೆತ್ತನೆಯ ಹೊಸ ಹಿಮದಲ್ಲಿ ಇಳಿಯುವುದಕ್ಕೆ. ಕಿರಿದಾದ ಕಾರ್ವಿಂಗ್ ಹಲಗೆ ಅಂಥ ಹಿಮದಲ್ಲಿ ಹೂತುಹೋಗುತ್ತದೆ. ಯಂತ್ರದಿಂದ ಒತ್ತಿ ಹದಮಾಡಿದ ಕೆಳಗಿನ ಇಳಿಜಾರುಗಳಲ್ಲಿ ಬೆಳಗಿನ ಹೊತ್ತು ಹೋಗಬೇಕು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಔಲಿಯ ಇಳಿಜಾರು ಈ ಕೆಲಸಕ್ಕೆ ಒಗ್ಗುತ್ತದೆ. ನಮ್ಮಂಥ ವಾರದ ಅತಿಥಿಗಳಿಗೆ 160 ಸೆಂಟಿಮೀಟರಿನ ಆಸುಪಾಸಿನ ಉದ್ದ, 9ರಿಂದ 12 ಮೀಟರ್ ತ್ರಿಜ್ಯ ಸಾಕು.

ಏಳನೆಯ ಹೆಜ್ಜೆ: ಬಿಗಿಯುವುದು ಮತ್ತು ಹಿಮದ ಮೇಲೆ ಪರೀಕ್ಷೆ

ನೆಲದ ಮೇಲೆ ಸಿಕ್ಕ ಕೋನವನ್ನು ಮುಂಗಾಲಿಗೆ ಕೊಟ್ಟು, ಹಿಂಗಾಲಿಗೆ ಅದಕ್ಕಿಂತ 3ರಿಂದ 6 ಡಿಗ್ರಿ ಕಡಿಮೆ ಇಡಿ. ಹಿಂಗಾಲಿನ ಬೂಟು ಗೆರೆ ದಾಟದಂತೆ ಮತ್ತೆ ನೋಡಿಕೊಳ್ಳಿ. ತಿರುಪುಗಳನ್ನು ಕೈಯಳತೆಯಲ್ಲಿ ಬಿಗಿದು, ಮೊದಲ ದಿನದ ಇಳಿತದ ನಂತರ ಮತ್ತೊಮ್ಮೆ ಬಿಗಿಯಿರಿ.

ಹಿಮದ ಮೇಲೆ ಮೊದಲು ಅಗಲವಾದ, ಇಳಿಜಾರು ಕಡಿಮೆ ಇರುವ ಜಾಗದಲ್ಲಿ ಬೆರಳಂಚಿನ ಮೇಲೆ ಒಂದೇ ತಿರುವು ಬರೆದು ನಿಂತು ಹಿಂದಿರುಗಿ ನೋಡಿ. ಪೆನ್ಸಿಲಿನಿಂದ ಎಳೆದಂಥ ಒಂದೇ ತೆಳು ಗೀರು ಇದ್ದರೆ ಅದು ಕಾರ್ವ್. ಪೊರಕೆಯಿಂದ ಗುಡಿಸಿದಂಥ ಅಗಲ ಪಟ್ಟೆ ಇದ್ದರೆ ಹಲಗೆ ಜಾರಿದೆ. ಹಿಮ್ಮಡಿಯಂಚಿನ ಮೇಲೂ ಅದನ್ನೇ ಮಾಡಿ, ಗೀರು ಎಲ್ಲಿ ಅಗಲವಾಗಲು ಶುರುವಾಯಿತು ಎಂದು ಗುರುತಿಸಿ. ತಿರುವಿನ ಆರಂಭದಲ್ಲಿಯೇ ಅಗಲವಾಗಿದ್ದರೆ ಮೂತಿಗೆ ಭಾರ ಸಾಲದು: ಬಂಧನಿಗಳೆರಡನ್ನೂ ಒಂದೊಂದು ತೂತು ಮುಂದಕ್ಕೆ ಸರಿಸಿ. ಕೊನೆಯಲ್ಲಿ ಬಾಲ ಕೊಚ್ಚಿಹೋಗಿದ್ದರೆ ಅದಕ್ಕೆ ವಿರುದ್ಧವಾಗಿ ಮಾಡಿ. ಬೆರಳ ಕಡೆ ಒಂದು ದೂರು, ಹಿಮ್ಮಡಿಯ ಕಡೆ ಅದಕ್ಕೆ ತದ್ವಿರುದ್ಧದ ದೂರು ಇದ್ದರೆ ಮಾತ್ರ ಅದು ಮೇಲೆ ಹೇಳಿದ 11 ಸೆಂಟಿಮೀಟರಿನ ಸಮಸ್ಯೆ. ಆಗ ಕೋನವನ್ನು ಐದು ಡಿಗ್ರಿ ಹೆಚ್ಚಿಸಿ ಮತ್ತೆ ಪರೀಕ್ಷಿಸಿ. ಎರಡೂ ಗೀರು ತೆಳುವಾಗಿದ್ದು ಹಿಮ್ಮಡಿಯ ತಿರುವು ಮಾತ್ರ ದೊಡ್ಡದಾಗುತ್ತಿದ್ದರೆ ಮೈ ಬಾಗಿಸುವುದರಲ್ಲಿ ಕೊರತೆಯಿದೆ, ಹಲಗೆಯಲ್ಲಿ ಅಲ್ಲ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಅಂಚು ಮತ್ತು ಬಿಸಿಲು

ಅಂಚು ಮೊಂಡಾಗಿದ್ದರೆ ಮೇಲಿನ ಪರೀಕ್ಷೆಗಳೆಲ್ಲ ಸುಳ್ಳಾಗುತ್ತವೆ. ತಳದ ಕಡೆಯಿಂದ ಅರ್ಧದಿಂದ ಒಂದು ಡಿಗ್ರಿ, ಪಕ್ಕದಿಂದ 88 ಡಿಗ್ರಿಯ ಹರಿತ ಕಾರ್ವಿಂಗಿಗೆ ಒಪ್ಪುತ್ತದೆ. ಕೋನ ಕಾಯುವ ಹಿಡಿಕೆಯಲ್ಲಿ ಅರವನ್ನು ಸಿಕ್ಕಿಸಿ ಮೂತಿಯಿಂದ ಬಾಲದವರೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಹಿಂದೆ ಮುಂದೆ ಉಜ್ಜಬಾರದು. ಬೀದರಿನಲ್ಲಿ ಎರಕ ಹೊಯ್ದ ಬಿದರಿ ಹೂಜಿಯ ಮೈಯನ್ನು ಅರದಿಂದ ನಯಗೊಳಿಸುವ ಕುಶಲಕರ್ಮಿಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ, ಅರಕ್ಕೆ ಎಷ್ಟು ಭಾರ ಕೊಡಬೇಕು ಎಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕೈಗೆ ಬರುತ್ತದೆ.

ಊರಿಗೆ ಮರಳಿದ ಮೇಲೆ ಅಂಚನ್ನು ಒರೆಸಿ ಒಣಗಿಸಿ, ತಳಕ್ಕೂ ಅಂಚಿಗೂ ಮೇಣವನ್ನು ದಪ್ಪವಾಗಿ ಕರಗಿಸಿ ಸವರಿ, ಕೆರೆಯದೆ ಹಾಗೆಯೇ ಬಿಡಿ. ಬಂಧನಿಯ ತಿರುಪುಗಳನ್ನು ಸಡಿಲಿಸಿ. ಹಲಗೆಯ ಪದರಗಳನ್ನು ಹಿಡಿದಿರುವ ಅಂಟು ಕಲಬುರಗಿಯ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ್ದಲ್ಲ: ಪತ್ರಾಸಿನ ಕೋಣೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಅಟ್ಟ ಈ ಮೂರೂ ಕಡೆ ಇಡಬೇಡಿ. ನನ್ನ ಸಮಪಾರ್ಶ್ವದ ಹಲಗೆ ಮಂಚದ ಕೆಳಗೆ ತಂಪು ಕಲ್ಲಿನ ಮೇಲೆ, ಎರಡು ಮರದ ತುಂಡುಗಳ ಆಸರೆಯಲ್ಲಿ ಮಲಗಿರುತ್ತದೆ. ರೆಗ್ಯುಲರ್ ಕಾಲಿನ ಆ ಸರಿದ ಹಲಗೆಯೂ ಅದರ ಪಕ್ಕದಲ್ಲಿಯೇ ಇದೆ; ಎಡಗಾಲು ಮುಂದಿಟ್ಟು 45 ಡಿಗ್ರಿಯಲ್ಲಿ ನಿಲ್ಲುವವರು ಯಾರಾದರೂ ನಮ್ಮ ಭಾಗದಲ್ಲಿ ಇದ್ದರೆ ಅದನ್ನು ಕೊಟ್ಟುಬಿಡಲು ನಾನು ಸಿದ್ಧನಿದ್ದೇನೆ.